ಇಂಗ್ಲಿಷ್ ಇನ್ಫಿನಿಟಿವ್‌ನ ನಡುವೆ ಯಾವುದು ನಿಲ್ಲಬಹುದು, ಯಾವುದು ನಿಲ್ಲಲಾರದು?

ಪ್ರಶ್ನೆ

ಇಂಗ್ಲಿಷ್‌ನಲ್ಲಿ ವರದಿಗಳನ್ನೂ ಪತ್ರಗಳನ್ನೂ ಬರೆಯುವಾಗ ಪದೇ ಪದೇ ಎದುರಾಗುವ ಒಂದು ಸಂದೇಹವನ್ನು ಬಲ್ಲವರ ಮುಂದಿಡುತ್ತಿದ್ದೇನೆ. ಇನ್ಫಿನಿಟಿವ್ ಎಂದರೆ ‘ಟು ರೀಡ್’ ಎಂಬಂತೆ ‘ಟು’ ಸೇರಿದ ಕ್ರಿಯಾರೂಪ. ‘ಟು ರೀಡ್ ದಿ ಅಗ್ರಿಮೆಂಟ್ ಕೇರ್‌ಫುಲಿ’ ಎಂಬ ರೂಪವೂ ‘ಟು ಕೇರ್‌ಫುಲಿ ರೀಡ್ ದಿ ಅಗ್ರಿಮೆಂಟ್’ ಎಂಬ ರೂಪವೂ ಬಳಕೆಯಲ್ಲಿವೆ. ‘ಟು’ ಮತ್ತು ಕ್ರಿಯಾಪದದ ನಡುವೆ ಪದ ಸೇರಿಸಿ ಇನ್ಫಿನಿಟಿವ್ ಒಡೆಯುವುದರಿಂದ ಎರಡನೆಯದು ತಪ್ಪೆಂದು ಕಲಿಸುವವರಿದ್ದಾರೆ. ಆದರೆ ಒಳ್ಳೆಯ ಲೇಖಕರೂ ಅದನ್ನು ಬಳಸುತ್ತಾರೆ. ಹೆಚ್ಚುಕಡಿಮೆ ಅದೇ ಅರ್ಥ ಕೊಡುವ ‘ವಿತ್ ಕೇರ್’ ಎಂಬ ಪದಗುಚ್ಛವನ್ನು ಮಾತ್ರ ಯಾರೂ ಆ ಜಾಗದಲ್ಲಿ ಇಡುವುದಿಲ್ಲ. ‘ಟು ವಿತ್ ಕೇರ್ ರೀಡ್’ ಎಂಬುದು ಕೇಳಿದೊಡನೆಯೇ ಇಂಗ್ಲಿಷ್ ಅಲ್ಲವೆನ್ನಿಸುತ್ತದೆ. ಅರ್ಥ ಒಂದೇ ಆಗಿರುವಾಗ ಸ್ಥಾನದಲ್ಲಿ ಈ ಭೇದವೇಕೆ? ಪ್ರಿಪೊಸಿಷನ್‌ನಿಂದ (‘ವಿತ್’, ‘ಆನ್’ ಮುಂತಾದ ಸಂಬಂಧಸೂಚಕ ಪದದಿಂದ) ಆರಂಭವಾಗುವ ಗುಚ್ಛಗಳನ್ನು ಇನ್ಫಿನಿಟಿವ್‌ನ ಜೊತೆ ಎಲ್ಲಿ ಇಡಬೇಕು? ಬರೆಯುವಾಗ ಪರೀಕ್ಷಿಸಿ ನೋಡಬಹುದಾದ ಸೂತ್ರವೊಂದಿದ್ದರೆ ದಯವಿಟ್ಟು ತಿಳಿಸಬೇಕಾಗಿ ವಿನಂತಿ.

ಮೊದಲನೆಯ ಉತ್ತರ

ಮಾನ್ಯರೇ, ಇನ್ಫಿನಿಟಿವ್‌ಗೆಂದೇ ಪ್ರತ್ಯೇಕವಾದ ನಿಯಮವಿದೆ ಎಂದು ಭಾವಿಸುವುದರಿಂದಲೇ ಈ ಗೊಂದಲ ಹುಟ್ಟುತ್ತದೆ. ‘ಟು’ ಎಂಬುದನ್ನು ಸ್ವಲ್ಪ ಹೊತ್ತು ಮರೆತು, ಅದೇ ಕ್ರಿಯಾಪದವನ್ನು ಕರ್ತೃವಿರುವ ಪೂರ್ಣ ವಾಕ್ಯದಲ್ಲಿಟ್ಟು ನೋಡಿ. ‘ಹಿ ಕೇರ್‌ಫುಲಿ ರೆಡ್ ದಿ ಅಗ್ರಿಮೆಂಟ್’ ಎಂಬುದು ಸಹಜವಾದ ವಾಕ್ಯ. ‘ಹಿ ವಿತ್ ಕೇರ್ ರೆಡ್ ದಿ ಅಗ್ರಿಮೆಂಟ್’ ಎಂಬುದು ಅಲ್ಲ. ಕರ್ತೃವಿಗೂ ಪ್ರಧಾನ ಕ್ರಿಯಾಪದಕ್ಕೂ ನಡುವಿನ ಜಾಗದಲ್ಲಿ ಸಹಜವಾಗಿ ನಿಲ್ಲುವ ಮಾತುಗಳೇ ‘ಟು’ ಮತ್ತು ಕ್ರಿಯಾಪದದ ನಡುವೆಯೂ ನಿಲ್ಲುತ್ತವೆ, ಅಲ್ಲಿ ನಿಲ್ಲದವು ಇಲ್ಲಿಯೂ ನಿಲ್ಲುವುದಿಲ್ಲ. ‘ರಿಯಲಿ’, ‘ಫುಲಿ’, ‘ಆಲ್ವೇಸ್’ ಮುಂತಾದವು ಎರಡೂ ಕಡೆ ಹೊಂದುತ್ತವೆ. ‘ಹಿ ಹಾರ್ಡ್ ವರ್ಕ್ಸ್’ ಎಂದು ಯಾರೂ ಹೇಳುವುದಿಲ್ಲವಾದ್ದರಿಂದ ‘ಟು ಹಾರ್ಡ್ ವರ್ಕ್’ ಎಂಬುದೂ ಆಗದು. ‘ಟುಮಾರೋ’, ‘ಹಿಯರ್’ ಮುಂತಾದ ಕಾಲ ಮತ್ತು ಸ್ಥಳ ಸೂಚಿಸುವ ಪದಗಳ ಸ್ಥಿತಿಯೂ ಇದೇ. ಆದ್ದರಿಂದ ಪದವು ಕ್ರಿಯಾವಿಶೇಷಣವಾಗಿದ್ದ ಮಾತ್ರಕ್ಕೆ ಆ ಜಾಗ ಅದಕ್ಕೆ ಸಿಗುವುದಿಲ್ಲ.

ಇನ್ನು ಪ್ರಿಪೊಸಿಷನ್ ಗುಚ್ಛಕ್ಕೆ ಆ ಜಾಗ ಏಕೆ ಒಲ್ಲದು ಎಂಬ ಪ್ರಶ್ನೆ. ನನ್ನ ದೃಷ್ಟಿಯಲ್ಲಿ ಇದು ಇಡೀ ವಿಷಯದ ಅತ್ಯಂತ ಸೊಗಸಾದ ಭಾಗ. ಒಂದು ಗುಚ್ಛವು ಕ್ರಿಯಾಪದಕ್ಕೆ ಮುಂಚೆ ಒತ್ತಿಕೊಂಡು ನಿಲ್ಲಬೇಕಾದರೆ ಅದರ ಮುಖ್ಯಪದವು, ಅಂದರೆ ಅದು ಯಾವ ಬಗೆಯ ಗುಚ್ಛವೆಂದು ನಿರ್ಧರಿಸುವ ಪದವು, ಗುಚ್ಛದ ಕೊನೆಯಲ್ಲಿರಬೇಕು ಎಂಬ ಒಲವು ಇಂಗ್ಲಿಷ್‌ಗಿದೆ. ‘ವೆರಿ ಕೇರ್‌ಫುಲಿ’ ಎಂಬಲ್ಲಿ ಮುಖ್ಯಪದವಾದ ‘ಕೇರ್‌ಫುಲಿ’ ಕೊನೆಯಲ್ಲಿದೆ. ಆದ್ದರಿಂದ ‘ಟು ವೆರಿ ಕೇರ್‌ಫುಲಿ ರೀಡ್’ ನಡೆಯುತ್ತದೆ. ‘ವಿತ್ ಕೇರ್’ ಎಂಬಲ್ಲಿ ಮುಖ್ಯಪದ ‘ವಿತ್’. ಅದರ ನಂತರ ಅದಕ್ಕೆ ಬೇಕಾದ ನಾಮಪದ ಬಂದಿದೆ. ಆ ಬಾಲವೇ ಅಡ್ಡಿ. ಕ್ರಿಯಾವಿಶೇಷಣಕ್ಕೆ ಅಂಥದೇ ಬಾಲ ಸೇರಿಸಿದರೆ ಅದೂ ಆ ಜಾಗದಿಂದ ಹೊರಬೀಳುತ್ತದೆ: ‘ಟು ಮೋರ್ ಕೇರ್‌ಫುಲಿ ರೀಡ್’ ಎನ್ನಬಹುದು, ‘ಟು ಮೋರ್ ಕೇರ್‌ಫುಲಿ ದ್ಯಾನ್ ಬಿಫೋರ್ ರೀಡ್’ ಎನ್ನಲಾಗದು. ನಾಮಪದಕ್ಕೆ ಮುಂಚೆ ನಿಲ್ಲುವ ಗುಣವಾಚಕಗಳೂ ಇದೇ ರೀತಿ ವರ್ತಿಸುತ್ತವೆ ಎಂಬುದನ್ನು ಗಮನಿಸಬೇಕು. ‘ಎ ಪ್ರೌಡ್ ಫಾದರ್’ ಸರಿ, ‘ಎ ಪ್ರೌಡ್ ಆಫ್ ಹಿಸ್ ಸನ್ ಫಾದರ್’ ಸರಿಯಲ್ಲ.

ಅಪವಾದಗಳೂ ಇವೆ. ‘ಟು ಅಟ್ ಲೀಸ್ಟ್ ಟ್ರೈ’ ಎಂಬುದು ದಿನನಿತ್ಯ ಕೇಳಿಬರುವ ಮಾತು. ‘ಅಟ್ ಲೀಸ್ಟ್’ ಎಂಬುದು ರೂಪದಲ್ಲಿ ಪ್ರಿಪೊಸಿಷನ್ ಗುಚ್ಛವಾದರೂ ಬಳಕೆಯಲ್ಲಿ ಗಟ್ಟಿಯಾಗಿ ಒಂದೇ ಪದದಂತಾಗಿದೆ.

ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು. ಕ್ರಿಯಾಪದವನ್ನೂ ಅದರ ಕರ್ಮಪದವನ್ನೂ ಇಂಗ್ಲಿಷ್ ಸುಲಭವಾಗಿ ಬೇರ್ಪಡಿಸುವುದಿಲ್ಲ. ‘ಟು ರೀಡ್ ಕೇರ್‌ಫುಲಿ ದಿ ಲೆಟರ್’ ಎಂಬುದು ‘ಟು’ವನ್ನು ಒಡೆಯುವುದಕ್ಕಿಂತ ಹೆಚ್ಚಿನ ದೋಷ. ಕರ್ಮಪದ ಬಹಳ ಉದ್ದವಾಗಿದ್ದು ವಾಕ್ಯದ ಕೊನೆಗೆ ಸರಿದಾಗ ಮಾತ್ರ ಆ ಕ್ರಮವನ್ನು ಒಪ್ಪಬಹುದು.

ಎರಡನೆಯ ಉತ್ತರ

ಮೇಲಿನ ವಿವರಣೆಗೆ ಅರ್ಥಸ್ಪಷ್ಟತೆಯ ಕಡೆಯಿಂದ ಕೆಲವು ಮಾತುಗಳನ್ನು ಸೇರಿಸಬಯಸುತ್ತೇನೆ. ಇನ್ಫಿನಿಟಿವ್ ಇರುವ ವಾಕ್ಯದಲ್ಲಿ ಸಾಮಾನ್ಯವಾಗಿ ಎರಡು ಕ್ರಿಯಾಪದಗಳಿರುತ್ತವೆ. ವಿಶೇಷಣವು ಯಾವುದಕ್ಕೆ ಸೇರಿದ್ದೆಂದು ಓದುಗರಿಗೆ ತಿಳಿಯಬೇಕು. ‘ಶಿ ಡಿಸೈಡೆಡ್ ಗ್ರ್ಯಾಜುಯಲಿ ಟು ರಿಡ್ಯೂಸ್ ದಿ ಡೋಸ್’ ಎಂದು ಬರೆದರೆ, ನಿರ್ಧಾರ ನಿಧಾನವಾಗಿ ಆಯಿತೋ, ಔಷಧಿಯ ಪ್ರಮಾಣವನ್ನು ನಿಧಾನವಾಗಿ ಇಳಿಸಬೇಕೋ ತಿಳಿಯುವುದಿಲ್ಲ. ‘ಟು ಗ್ರ್ಯಾಜುಯಲಿ ರಿಡ್ಯೂಸ್’ ಎಂದೊಡನೆ ಸಂದೇಹ ಕಳೆಯುತ್ತದೆ. ಇಲ್ಲಿ ಇನ್ಫಿನಿಟಿವ್ ಒಡೆಯುವುದಕ್ಕೆ ಹೆದರಿದವರು ಅರ್ಥವನ್ನೇ ಒಡೆಯುತ್ತಾರೆ. ‘ವಿ ಎಕ್ಸ್‌ಪೆಕ್ಟ್ ಸೇಲ್ಸ್ ಟು ಮೋರ್ ದ್ಯಾನ್ ಡಬಲ್’ ಎಂಬಲ್ಲಿಯಂತೂ ‘ಮೋರ್ ದ್ಯಾನ್’ ಎಂಬುದನ್ನು ಬೇರೆಲ್ಲಿಗೂ ಸರಿಸಲು ಬರುವುದೇ ಇಲ್ಲ.

ಪ್ರಿಪೊಸಿಷನ್ ಗುಚ್ಛಗಳಲ್ಲಿ ಸಮಸ್ಯೆ ವಾಕ್ಯದ ಕೊನೆಯಲ್ಲಿ ತಲೆದೋರುತ್ತದೆ. ‘ಹಿ ಪ್ರಾಮಿಸ್ಡ್ ಟು ಸೆಂಡ್ ದಿ ರಿಪೋರ್ಟ್ ಆನ್ ಮಂಡೇ’ ಎಂಬಲ್ಲಿ ಓದುಗರು ಸೋಮವಾರವನ್ನು ಹತ್ತಿರದ ಕ್ರಿಯೆಯಾದ ಕಳುಹಿಸುವುದಕ್ಕೆ ಸೇರಿಸುತ್ತಾರೆ. ಭರವಸೆ ಕೊಟ್ಟ ದಿನವೇ ಸೋಮವಾರ ಎಂದು ಹೇಳಬೇಕಿದ್ದರೆ ‘ಹಿ ಪ್ರಾಮಿಸ್ಡ್ ಆನ್ ಮಂಡೇ ಟು ಸೆಂಡ್ ದಿ ರಿಪೋರ್ಟ್’ ಎಂದು ಬರೆಯಬೇಕು. ಅದೇ ಜಾಗದಲ್ಲಿ ಕ್ರಿಯಾವಿಶೇಷಣವಿದ್ದರೆ ಎರಡೂ ಕಡೆಗೆ ನೋಡುತ್ತಿತ್ತು. ಗುಚ್ಛವು ಹಿಂದಿನ ಕ್ರಿಯಾಪದಕ್ಕೇ ಅಂಟಿಕೊಳ್ಳುತ್ತದೆ. ಮುಂದಿನ ‘ಟು’ವಿನೊಂದಿಗೆ ಸೇರಲು ಗುಚ್ಛಕ್ಕಿರುವ ಈ ಬಿಗುವು ಬರೆಯುವವರಿಗೆ ಒಂದು ಅನುಕೂಲವೇ ಆಗಿದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಪೂರ್ಣ ವಾಕ್ಯದಲ್ಲಿಟ್ಟು ನೋಡುವ ಪರೀಕ್ಷೆ ಬಹಳ ಉಪಯುಕ್ತವಾಗಿದೆ. ಹಾಗಿದ್ದರೆ ಇನ್ಫಿನಿಟಿವ್ ಒಡೆಯಬಾರದೆಂಬ ನಿಷೇಧ ಎಲ್ಲಿಂದ ಬಂತು? ‘ನಾಟ್’ ಎಂಬ ಪದಕ್ಕೂ ಇದೇ ಮಾತು ಅನ್ವಯಿಸುತ್ತದೆಯೇ?

ಮೂರನೆಯ ಉತ್ತರ

ಹಳೆಯ ಇಂಗ್ಲಿಷ್‌ನಲ್ಲಿ ಇನ್ಫಿನಿಟಿವ್ ‘ಅನ್’ ಎಂಬ ಪ್ರತ್ಯಯದಿಂದ ಕೊನೆಗೊಳ್ಳುವ ಒಂದೇ ಪದವಾಗಿತ್ತು. ಉದ್ದೇಶ ಸೂಚಿಸುವಾಗ ‘ಟು’ ಎಂಬ ಪ್ರಿಪೊಸಿಷನ್‌ನೊಂದಿಗೆ ಅದರ ಇನ್ನೊಂದು ರೂಪ ಬರುತ್ತಿತ್ತು. ಪ್ರತ್ಯಯಗಳು ಸವೆದುಹೋದ ಮೇಲೆ ಉಳಿದದ್ದು ‘ಟು’. ಅದು ಸ್ವತಂತ್ರ ಪದವಾದ್ದರಿಂದ ಅದಕ್ಕೂ ಕ್ರಿಯಾಪದಕ್ಕೂ ನಡುವೆ ಬೇರೆ ಪದಗಳು ಸೇರುವುದು 14ನೆಯ ಶತಮಾನದ ಹೊತ್ತಿಗಾಗಲೇ ಕಂಡುಬರುತ್ತದೆ. ನಿಷೇಧ ಬಂದದ್ದು ಬಹಳ ತಡವಾಗಿ, 19ನೆಯ ಶತಮಾನದಲ್ಲಿ. ಇಂಗ್ಲೆಂಡಿನ ಕ್ಯಾಂಟರ್ಬರಿ ಕ್ಯಾಥೆಡ್ರಲ್‌ನ ಡೀನ್ (ಹಿರಿಯ ಪಾದ್ರಿ) ಆಗಿದ್ದ ಹೆನ್ರಿ ಆಲ್ಫರ್ಡ್ 1864ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇಂಥ ಬಳಕೆಯನ್ನು ವಿರೋಧಿಸಿದರು. ಲ್ಯಾಟಿನ್‌ನಲ್ಲಿ ಇನ್ಫಿನಿಟಿವ್ ಒಂದೇ ಪದವಾಗಿರುವುದನ್ನು ಅನುಸರಿಸಿ ಈ ನಿಷೇಧ ಹುಟ್ಟಿತೆಂದು ಹಲವರು ಹೇಳುತ್ತಾರೆ. ಆದರೆ ಆಲ್ಫರ್ಡ್ ಮುಂದಿಟ್ಟ ವಾದ ಅದಲ್ಲ. ಇಂಗ್ಲಿಷ್ ಮಾತನಾಡುವವರೂ ಬರೆಯುವವರೂ ಹೀಗೆ ಬಳಸುವುದೇ ಇಲ್ಲ ಎಂಬುದು ಅವರ ವಾದವಾಗಿತ್ತು. ಶತಮಾನಗಳ ಬಳಕೆ ಕಣ್ಣೆದುರಿಗಿರುವಾಗ ಆ ವಾದ ನಿಲ್ಲುವುದಿಲ್ಲ. 1926ರಲ್ಲಿ ಇಂಗ್ಲಿಷ್ ಬಳಕೆಯ ಕೋಶವನ್ನು ರಚಿಸಿದ ಎಚ್. ಡಬ್ಲ್ಯೂ. ಫೌಲರ್, ಸಂದಿಗ್ಧತೆಗೂ ಕೃತಕತೆಗೂ ಎಡೆಗೊಡುವುದಕ್ಕಿಂತ ಇನ್ಫಿನಿಟಿವ್ ಒಡೆಯುವುದೇ ಮೇಲೆಂದು ಬರೆದರು. ನನ್ನ ಅಭಿಪ್ರಾಯವೂ ಅದೇ. ಓದುವವರು ಹಳೆಯ ನಿಯಮವನ್ನು ನೆಚ್ಚಿದವರೆಂದು ಗೊತ್ತಿದ್ದು, ಕ್ರಿಯಾವಿಶೇಷಣವನ್ನು ಕೊನೆಗೆ ಸರಿಸಿದರೂ ಅರ್ಥ ಕೆಡದಿದ್ದರೆ, ಹಾಗೆ ಮಾಡುವುದರಲ್ಲಿ ನಷ್ಟವಿಲ್ಲ.

‘ನಾಟ್’ ವಿಷಯದಲ್ಲಿ ಔಪಚಾರಿಕ ಬರಹಕ್ಕೆ ‘ನಾಟ್ ಟು ಗೋ’ ಎಂಬ ಕ್ರಮವೇ ಒಪ್ಪುವಂಥದು. ‘ಟು ನಾಟ್ ಗೋ’ ಎಂಬುದು ಮಾತಿನಲ್ಲಿ ಹೆಚ್ಚು ಕೇಳಿಬರುತ್ತದೆ.

ನಾಲ್ಕನೆಯ ಉತ್ತರ

ಕನ್ನಡಿಗರು ಹೆಚ್ಚಾಗಿ ಎಡವುವ ಒಂದು ಜಾಗ ಈ ಚರ್ಚೆಯಲ್ಲಿ ಇನ್ನೂ ಬಂದಿಲ್ಲ. ‘ಬರೆಯಲು ಪೆನ್ನು’, ‘ಕುಳಿತುಕೊಳ್ಳಲು ಕುರ್ಚಿ’ ಎನ್ನುವಾಗ ನಾವು ಪೆನ್ನಿಗೂ ಕುರ್ಚಿಗೂ ವಿಭಕ್ತಿಪ್ರತ್ಯಯ ಹಚ್ಚುವುದಿಲ್ಲ. ಅದೇ ಅಭ್ಯಾಸದಿಂದ ಇಂಗ್ಲಿಷ್‌ನಲ್ಲಿ ‘ಎ ಚೇರ್ ಟು ಸಿಟ್’ ಎಂದು ನಿಲ್ಲಿಸಿಬಿಡುತ್ತೇವೆ. ಅಲ್ಲಿ ‘ಎ ಚೇರ್ ಟು ಸಿಟ್ ಆನ್’, ‘ಎ ಪೆನ್ ಟು ರೈಟ್ ವಿತ್’ ಎಂದು ಪ್ರಿಪೊಸಿಷನ್ ಕೊನೆಯಲ್ಲಿ ಉಳಿಯಲೇಬೇಕು. ‘ಎ ಪ್ಲೇಸ್ ಟು ಲಿವ್’, ‘ಎ ವೇ ಟು ಡೂ ಇಟ್’ ಮುಂತಾದ ಕೆಲವೆಡೆ ಮಾತ್ರ ಅದಿಲ್ಲದೆಯೂ ನಡೆಯುತ್ತದೆ. ಪ್ರಿಪೊಸಿಷನ್ ಕೊನೆಯಲ್ಲಿರುವುದು ಬೇಡವೆನ್ನಿಸಿದರೆ ‘ಎ ಹೌಸ್ ಇನ್ ವಿಚ್ ಟು ಲಿವ್’ ಎಂದು ಅದನ್ನು ಮುಂದಕ್ಕೆ ತರಬಹುದು. ಆಗ ‘ವಿಚ್’ ಕಡ್ಡಾಯ. ಪ್ರಿಪೊಸಿಷನ್ ಕೊನೆಯಲ್ಲೇ ಉಳಿದರೆ ‘ವಿಚ್’ ಬರಬಾರದು, ‘ಎ ಹೌಸ್ ವಿಚ್ ಟು ಲಿವ್ ಇನ್’ ಎಂಬ ವಾಕ್ಯ ಇಲ್ಲ. ವಾಸಿಸುವವರು ಯಾರೆಂದು ಹೇಳಬೇಕಾದರೆ ‘ಎ ಹೌಸ್ ಫಾರ್ ಹರ್ ಟು ಲಿವ್ ಇನ್’ ಎಂಬ ರೂಪವನ್ನೇ ಬಳಸಬೇಕು, ಏಕೆಂದರೆ ‘ಇನ್ ವಿಚ್’ ಮುಂದೆ ಬಂದ ಮೇಲೆ ‘ಫಾರ್ ಹರ್’ ಎಂಬುದಕ್ಕೆ ಅಲ್ಲಿ ಎಡೆಯಿರುವುದಿಲ್ಲ.