ಘಟ್ಟ ಇಳಿಯುವಾಗ ಮೆತ್ತಗಾಗುವ ಮುಂದಿನ ಬ್ರೇಕು: ಕರಾವಳಿಯ ಸ್ಪೋರ್ಟ್ಸ್ ಬೈಕುಗಳ ಸರ್ವಿಸ್ ಕುರಿತ ಪ್ರಶ್ನೋತ್ತರ

ಪ್ರಶ್ನೆ (ಕಾರವಾರದಿಂದ):
ನಮಸ್ಕಾರ ಸರ್. ನನ್ನದು 155 ಸಿಸಿಯ, ಪೂರ್ತಿ ಫೇರಿಂಗ್ ಇರುವ ಸ್ಪೋರ್ಟ್ಸ್ ಬೈಕು. ಕೊಂಡು ಮೂರು ವರ್ಷ ದಾಟಿದೆ. ಕೆಲಸಕ್ಕೆಂದು ದಿನವೂ ಹೆದ್ದಾರಿಯಲ್ಲಿ ಅಂಕೋಲೆಗೆ ಹೋಗಿ ಬರುತ್ತೇನೆ, ರಜೆ ಸಿಕ್ಕಾಗ ಶಿರಸಿಯ ಅಕ್ಕನ ಮನೆಗೆ ಹೋಗುತ್ತೇನೆ. ಈಚೆಗೆ ಶಿರಸಿಯಿಂದ ಕುಮಟಾ ಕಡೆಗೆ ದೇವಿಮನೆ ಘಟ್ಟ ಇಳಿಯುವಾಗ ಅರ್ಧ ದಾರಿಯಲ್ಲೇ ಮುಂದಿನ ಬ್ರೇಕಿನ ಲಿವರ್ ಮೆತ್ತಗಾಗಿ, ಹ್ಯಾಂಡಲ್ಲಿಗೆ ತಾಗುವಷ್ಟು ಒಳಗೆ ಹೋಗುತ್ತಿದೆ. ಬದಿಗೆ ನಿಲ್ಲಿಸಿ ಅರ್ಧ ತಾಸು ತಣಿಯಲು ಬಿಟ್ಟರೆ ಮತ್ತೆ ಮೊದಲಿನಂತಾಗುತ್ತದೆ. ಇಲ್ಲಿನ ಒಂದು ಗ್ಯಾರೇಜಿನವರು ಮಾಸ್ಟರ್ ಸಿಲಿಂಡರನ್ನು ಪೂರ್ತಿಯಾಗಿ ಬದಲಿಸಬೇಕು ಎಂದಿದ್ದಾರೆ. ಕಿಲೋಮೀಟರ್ ಲೆಕ್ಕದ ಸರ್ವಿಸ್ ಒಂದನ್ನೂ ನಾನು ತಪ್ಪಿಸಿಲ್ಲ. ಇಷ್ಟು ಬೇಗ ಅದು ಕೆಡುವುದುಂಟೇ?

ಉತ್ತರ:
ಈ ತೊಂದರೆ ಬಗೆಹರಿಯುವವರೆಗೆ ದಯವಿಟ್ಟು ಆ ಬೈಕಿನಲ್ಲಿ ಘಟ್ಟ ಇಳಿಯಬೇಡಿ. ನೀವು ಬರೆದ ಲಕ್ಷಣಗಳಲ್ಲಿ ನನಗೆ ಮುಖ್ಯವಾಗಿ ಕಂಡದ್ದು, ತಣಿದ ಮೇಲೆ ಲಿವರ್ ಮತ್ತೆ ಗಟ್ಟಿಯಾಗುತ್ತದೆ ಎಂಬುದು. ಲಿವರ್ ಒತ್ತಿದಾಗ ಬ್ರೇಕ್ ಆಯಿಲನ್ನು ಕೆಳಕ್ಕೆ ತಳ್ಳುವ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರು ಸವೆದಿದ್ದರೆ, ಬೈಕು ತಣ್ಣಗೆ ಮನೆಯಂಗಳದಲ್ಲಿ ನಿಂತಿರುವಾಗಲೂ ಲಿವರನ್ನು ಒತ್ತಿ ಹಿಡಿದರೆ ಅದು ನಿಧಾನವಾಗಿ ಒಳಕ್ಕೆ ಜಾರುತ್ತಿತ್ತು. ಬಿಸಿಯಾದಾಗ ಮಾತ್ರ ಮೆತ್ತಗಾಗುತ್ತಿದ್ದರೆ, ಬಹುತೇಕ ಸಂದರ್ಭಗಳಲ್ಲಿ, ಚಕ್ರದ ಬಳಿ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನೊಳಗೆ ಬ್ರೇಕ್ ಆಯಿಲ್ ಕುದಿಯುತ್ತಿದೆ ಎಂದೇ ಅರ್ಥ.

ನಿಮ್ಮ ಬೈಕಿನಂಥವುಗಳಲ್ಲಿ ಬಳಸುವುದು ಡಾಟ್ 4 ಆಯಿಲ್. ಹೊಸದಾಗಿದ್ದಾಗ ಅದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಅದರ ಮಾನದಂಡ. ಆದರೆ ಅದಕ್ಕೆ ಗಾಳಿಯಲ್ಲಿರುವ ನೀರಿನಂಶವನ್ನು ಹೀರಿಕೊಳ್ಳುವ ಗುಣವಿದ್ದು, ನೀರು ನೂರಕ್ಕೆ 3.7ರಷ್ಟು ಸೇರಿತೆಂದರೆ ಅದೇ ಮಾನದಂಡವು ಒಪ್ಪುವ ಕನಿಷ್ಠ ಮಟ್ಟ 155 ಡಿಗ್ರಿಗೆ ಇಳಿಯುತ್ತದೆ. ಆಯಿಲ್ ಕುದಿದಾಗ ಹುಟ್ಟುವ ಆವಿಯನ್ನು ಒತ್ತಿದರೆ ಅದು ಕುಗ್ಗುತ್ತದೆ. ನಿಮ್ಮ ಬೆರಳಿನ ಬಲವೆಲ್ಲ ಅದನ್ನು ಕುಗ್ಗಿಸುವುದರಲ್ಲೇ ಮುಗಿದು, ಪ್ಯಾಡಿಗೆ ತಲುಪಬೇಕಾದ ಒತ್ತಡ ತಲುಪುವುದಿಲ್ಲ. ತಣಿದಾಗ ಆವಿ ಮತ್ತೆ ದ್ರವವಾಗುವುದರಿಂದ ಬ್ರೇಕು ತಾನಾಗಿಯೇ ಸರಿಹೋದಂತೆ ಕಾಣುತ್ತದೆ.

ಇನ್ನು, ನೀವು ಕಿಲೋಮೀಟರ್ ಲೆಕ್ಕದ ಸರ್ವಿಸ್ ತಪ್ಪಿಸಿಲ್ಲ ಎಂದಿರಿ. ಬ್ರೇಕ್ ಆಯಿಲ್ ಹಳಸುವುದು ಓಡಿದ ದೂರದಿಂದಲ್ಲ, ಕಳೆದ ಕಾಲದಿಂದ. ಎರಡು ವರ್ಷಕ್ಕೊಮ್ಮೆ ಅದನ್ನು ಪೂರ್ತಿ ಬದಲಿಸಬೇಕೆಂಬುದು ಸಾಮಾನ್ಯ ನಿಯಮ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆಯೇ ಒಣಗದ ನಮ್ಮ ಊರುಗಳಲ್ಲಿ ವರ್ಷಕ್ಕೊಮ್ಮೆ, ಮಳೆ ಮುಗಿದ ಮೇಲೆ ಅಕ್ಟೋಬರಿನಲ್ಲಿ ಬದಲಿಸುವುದು ಒಳ್ಳೆಯದು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಆ ಆಯಿಲಿನ ಬೆಲೆ ಬೈಕಿನ ಬೇರೆ ಯಾವ ಖರ್ಚಿನ ಮುಂದೆಯೂ ದೊಡ್ಡದಲ್ಲ.

ಆದರೆ ಹಳಸಿದ ಆಯಿಲ್ ಒಂದೇ ಕಾರಣವಾಗಿರಲಾರದು. ಹಗುರವಾದ ಬೈಕೊಂದು ಘಟ್ಟ ಇಳಿಯುವಾಗ ಅಷ್ಟು ಬಿಸಿ ಎಲ್ಲಿಂದ ಬಂತು ಎಂಬುದನ್ನೂ ನೋಡಬೇಕು. ಪ್ಯಾಡುಗಳು ಡಿಸ್ಕನ್ನು ಬಿಡದೆ ಸವರುತ್ತಲೇ ಇವೆ, ಅಂದರೆ ಬ್ರೇಕು ಎಳೆಯುತ್ತಿದೆ ಎಂಬುದು ನನ್ನ ಅನುಮಾನ. ಸಮತಟ್ಟಾದ ರಸ್ತೆಯಲ್ಲಿ ಒಂದೆರಡು ಕಿಲೋಮೀಟರು, ಮುಂದಿನ ಬ್ರೇಕನ್ನು ಮುಟ್ಟದೆ ಹಿಂದಿನ ಬ್ರೇಕಿನಲ್ಲೇ ನಿಧಾನವಾಗಿ ಓಡಿಸಿ ನಿಲ್ಲಿಸಿ. ಡಿಸ್ಕಿಗೆ ಕೈ ತಾಗಿಸಬೇಡಿ. ನಾಲ್ಕು ಹನಿ ನೀರು ಬಿಡಿ. ನೀರು ಚುರ್ರೆಂದು ಹಾರಿದರೆ ಬ್ರೇಕು ಎಳೆಯುತ್ತಿದೆ ಎಂದು ತಿಳಿಯಿರಿ. ಆಮೇಲೆ ಮುಂದಿನ ಚಕ್ರವನ್ನು ಸ್ಟ್ಯಾಂಡಿನ ಮೇಲೆ ಎತ್ತಿ, ಲಿವರನ್ನು ಒಮ್ಮೆ ಒತ್ತಿ ಬಿಟ್ಟು, ಕೈಯಿಂದ ತಿರುಗಿಸಿ ನೋಡಿ. ಬಿಗಿಯಾಗಿದ್ದರೆ ಕ್ಯಾಲಿಪರಿನಲ್ಲಿ ಆಯಿಲ್ ಹೊರಬಿಡಲೆಂದು ಇರುವ ಬ್ಲೀಡ್ ನಿಪ್ಪಲ್ಲಿಗೆ ಪಾರದರ್ಶಕ ಪೈಪು ಸಿಕ್ಕಿಸಿ ಸ್ವಲ್ಪ ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಸಡಿಲಾದರೆ ಒತ್ತಡವು ಲೈನಿನೊಳಗೆ ಸಿಕ್ಕಿಕೊಂಡಿದೆ ಎಂದಾಯಿತು. ಆಗ ಮಾಸ್ಟರ್ ಸಿಲಿಂಡರಿನಲ್ಲಿರುವ, ಆಯಿಲ್ ಹಿಂದಿರುಗುವ ಸೂಜಿಮೊನೆಯಷ್ಟು ಸಣ್ಣ ರಂಧ್ರವು ಕಸದಿಂದ ಕಟ್ಟಿರಬಹುದು, ಅಥವಾ ಹೊರಗಿನಿಂದ ತಂದು ಹಾಕಿದ ಲಿವರ್ ಪಿಸ್ಟನ್ನನ್ನು ಸದಾ ಸ್ವಲ್ಪ ಒತ್ತುತ್ತಿರಬಹುದು. ನಿಪ್ಪಲ್ ಸಡಿಲಿಸಿದ ಮೇಲೂ ಚಕ್ರ ಬಿಗಿಯಾಗಿಯೇ ಇದ್ದರೆ ದೋಷ ಕ್ಯಾಲಿಪರಿನದು. ಇಷ್ಟು ನೋಡದೆ ಮಾಸ್ಟರ್ ಸಿಲಿಂಡರಿಗೆ ಹಣ ಕೊಡಬೇಡಿ.

ನಮ್ಮ ಕರಾವಳಿಯಲ್ಲಿ ಕ್ಯಾಲಿಪರೇ ಮೊದಲು ಕೈಕೊಡುತ್ತದೆ. ಬ್ರೇಕು ಬಿಟ್ಟಾಗ ಪಿಸ್ಟನ್ನನ್ನು ಹಿಂದಕ್ಕೆ ತರಲು ಅಲ್ಲಿ ಸ್ಪ್ರಿಂಗ್ ಇರುವುದಿಲ್ಲ. ಪಿಸ್ಟನ್ನಿನ ಸುತ್ತಲಿನ ರಬ್ಬರ್ ಸೀಲು ಒತ್ತುವಾಗ ತುಸು ತಿರುಚಿಕೊಂಡು, ಬಿಟ್ಟಾಗ ಮರಳಿ ನೆಟ್ಟಗಾಗುತ್ತದೆ. ಆ ಕೂದಲೆಳೆಯ ಚಲನೆಯೇ ಪ್ಯಾಡನ್ನು ಡಿಸ್ಕಿನಿಂದ ಬಿಡಿಸುತ್ತದೆ. ಉಪ್ಪುಗಾಳಿಯ ತೇವ ಸೀಲಿನ ಹಿಂದಿನ ತೋಡನ್ನು ಸೇರಿದರೆ ಅಲ್ಯುಮಿನಿಯಂ ಕೊರೆದು ಬಿಳಿ ಪುಡಿ ಕೂಡುತ್ತದೆ. ಅದು ಸೀಲನ್ನು ಪಿಸ್ಟನ್ನಿನ ಕಡೆಗೆ ನೂಕುವುದರಿಂದ ಸೀಲಿಗೆ ತಿರುಚಿಕೊಳ್ಳಲು ಜಾಗವೇ ಉಳಿಯುವುದಿಲ್ಲ. ಹೆದ್ದಾರಿಯಲ್ಲಿ ಮೀನಿನ ಲಾರಿಗಳಿಂದ ಸುರಿಯುವ ಉಪ್ಪುನೀರು ಮುಂದಿನ ಚಕ್ರಕ್ಕೆ ಸಿಡಿಯುವುದನ್ನು ನೀವು ದಿನವೂ ಕಾಣುತ್ತೀರಿ. ಕ್ಯಾಲಿಪರಿಗೆ ಅದಕ್ಕಿಂತ ಕೆಟ್ಟದ್ದು ಬೇರೊಂದಿಲ್ಲ. ಕ್ಯಾಲಿಪರನ್ನು ಬಿಚ್ಚಿ, ಪಿಸ್ಟನ್ ಹೊರತೆಗೆದು, ಸೀಲಿನ ಹಿಂದಿನ ಜಾಗವನ್ನು ಗೀರು ಬೀಳದಂತೆ ಕೆರೆದು ಸ್ವಚ್ಛಗೊಳಿಸಿ ಹೊಸ ಸೀಲ್ ಕಿಟ್ ಹಾಕಿಸಿ. ಕ್ಯಾಲಿಪರ್ ಅತ್ತಿತ್ತ ಸರಿಯಲು ಆಧಾರವಾದ ಸ್ಲೈಡ್ ಪಿನ್ನುಗಳಿಗೆ ಬ್ರೇಕಿಗೆಂದೇ ಇರುವ ಸಿಲಿಕೋನ್ ಗ್ರೀಸನ್ನು ಮಾತ್ರ ಹಚ್ಚಬೇಕು; ಬೇರಿಂಗಿಗೆ ಹಾಕುವ ಸಾಮಾನ್ಯ ಗ್ರೀಸು ತಾಗಿದರೆ ರಬ್ಬರು ಉಬ್ಬಿ ಇನ್ನಷ್ಟು ಹಿಡಿಯುತ್ತದೆ. ಎಬಿಎಸ್ (ಬ್ರೇಕು ಹಿಡಿದಾಗ ಚಕ್ರ ಸಿಕ್ಕಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಇರುವ ಬೈಕಿನಲ್ಲಿ ಆಯಿಲ್ ಬದಲಿಸುವಾಗ ಮೇಲಿನ ಡಬ್ಬಿ ಎಂದೂ ಬರಿದಾಗದಂತೆ ತುಂಬುತ್ತಿರಲು ಹೇಳಿ. ಎಬಿಎಸ್ ಘಟಕದೊಳಗೆ ಗಾಳಿ ಹೊಕ್ಕರೆ, ಕೆಲವು ಬೈಕುಗಳಲ್ಲಿ ಕಂಪನಿಯ ಸ್ಕ್ಯಾನರ್ ಇಲ್ಲದೆ ಅದನ್ನು ಹೊರಹಾಕುವುದು ಕಷ್ಟ.

ಪ್ರಶ್ನೆ (ಮತ್ತೆ ಕಾರವಾರದಿಂದ):
ಸರ್, ನೀವು ಹೇಳಿದಂತೆ ನೀರಿನ ಹನಿ ಹಾಕಿದಾಗ ಚುರ್ರೆಂದಿತು. ನಿಪ್ಪಲ್ ಸಡಿಲಿಸಿದರೂ ಚಕ್ರ ಸಡಿಲಾಗಲಿಲ್ಲ. ಬಿಚ್ಚಿಸಿದಾಗ ಕೆಳಗಿನ ಸ್ಲೈಡ್ ಪಿನ್ನಿನ ರಬ್ಬರ್ ಬೂಟು ಹರಿದು, ಪಿನ್ನು ತುಕ್ಕು ಹಿಡಿದು ಅಲುಗದಂತಾಗಿತ್ತು. ಆಯಿಲ್ ಕಡುಕಂದು ಬಣ್ಣಕ್ಕೆ ತಿರುಗಿತ್ತು. ಒಂದು ಪ್ಯಾಡು ಇನ್ನೊಂದಕ್ಕಿಂತ ಹೆಚ್ಚು ಸವೆದು ಹೊಳೆಯುತ್ತಿದೆ, ಡಿಸ್ಕಿನ ಮೇಲೆ ಅಲ್ಲಲ್ಲಿ ನೀಲಿ ಛಾಯೆ ಇದೆ. ಡಿಸ್ಕನ್ನೂ ಬದಲಿಸಬೇಕೇ?

ಉತ್ತರ:
ಪ್ಯಾಡುಗಳನ್ನು ಜೋಡಿಯಾಗಿ ಬದಲಿಸಿ. ಮೇಲ್ಮೈ ಸುಟ್ಟು ಗಾಜಿನಂತೆ ಹೊಳೆಯುವ ಪ್ಯಾಡನ್ನು ಉಜ್ಜಿ ಮತ್ತೆ ಹಾಕುವ ರೂಢಿ ಇದೆ, ಆದರೆ ಘಟ್ಟ ಹತ್ತಿಳಿಯುವವರಿಗೆ ನಾನು ಅದನ್ನು ಹೇಳುವುದಿಲ್ಲ. ಡಿಸ್ಕನ್ನು ಮಾತ್ರ ಬಣ್ಣ ನೋಡಿ ಎಸೆಯಬೇಡಿ. ಅದರ ಮೇಲೆಯೇ ಕನಿಷ್ಠ ದಪ್ಪ ಎಷ್ಟಿರಬೇಕೆಂದು ಮಿಲಿಮೀಟರಿನಲ್ಲಿ ಅಚ್ಚೊತ್ತಿರುತ್ತಾರೆ. ಮೈಕ್ರೋಮೀಟರಿನಿಂದ ಸುತ್ತಲೂ ಹಲವು ಕಡೆ ಅಳೆಯಿಸಿ. ವರ್ನಿಯರ್ ಬೇಡ, ಏಕೆಂದರೆ ಪ್ಯಾಡು ತಾಗದ ಹೊರ ಅಂಚು ಸವೆಯದೆ ಎದ್ದು ನಿಂತಿರುತ್ತದೆ. ವರ್ನಿಯರಿನ ದವಡೆ ಆ ಅಂಚನ್ನೇ ಹಿಡಿದು, ಸವೆದ ಡಿಸ್ಕನ್ನೂ ದಪ್ಪವಾಗಿದೆ ಎಂದು ತೋರಿಸುತ್ತದೆ. ದಪ್ಪ ಸಾಕಷ್ಟಿದ್ದು, ಬಿರುಕಿಲ್ಲದೆ, ತಿರುಗಿಸಿದಾಗ ಓಲಾಡದಿದ್ದರೆ ತೆಳು ನೀಲಿ ಛಾಯೆಯ ಡಿಸ್ಕಿನಲ್ಲೇ ಓಡಿಸಬಹುದು. ಬ್ರೇಕು ಹಿಡಿದಾಗ ಲಿವರ್ ಬೆರಳಿಗೆ ಮಿಡಿಯುತ್ತಿದ್ದರೆ ಡಿಸ್ಕು ಸೊಟ್ಟಗಾಗಿದೆ, ಬದಲಿಸಲೇಬೇಕು.

ತುಕ್ಕು ಹಿಡಿದ ಪಿನ್ನನ್ನು ಪಾಲಿಶ್ ಕಾಗದದಿಂದ ಉಜ್ಜಿ ಮತ್ತೆ ಹಾಕಲು ಒಪ್ಪಬೇಡಿ. ಪಿನ್ನು ಮತ್ತು ಬೂಟು ಹೊಸದೇ ಇರಲಿ. ಕೆಲಸ ಮುಗಿದ ಮೇಲೆ ಬೈಕು ಹೊರಡಿಸುವ ಮೊದಲು ಲಿವರನ್ನು ಗಟ್ಟಿಯಾಗುವವರೆಗೆ ಹಲವು ಬಾರಿ ಒತ್ತಿ. ಹಿಂದಕ್ಕೆ ತಳ್ಳಿದ ಪಿಸ್ಟನ್ನುಗಳು ಪ್ಯಾಡನ್ನು ಮುಟ್ಟುವವರೆಗೆ ಬ್ರೇಕು ಇದ್ದೂ ಇಲ್ಲದಂತೆ. ಗ್ಯಾರೇಜಿನ ಬಾಗಿಲಲ್ಲೇ ಗೋಡೆಗೆ ಗುದ್ದುವ ಅಪಘಾತಗಳು ಆಗುವುದು ಈ ಕಾರಣದಿಂದಲೇ. ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳಲು ಮೊದಲ ಒಂದೆರಡು ನೂರು ಕಿಲೋಮೀಟರು ಬಯಲು ದಾರಿಯಲ್ಲೇ ಓಡಿಸಿ. ಆಮೇಲೆ ಘಟ್ಟ ಇಳಿಯುವಾಗಲೂ ಗೇರು ಇಳಿಸಿ ಎಂಜಿನ್ನಿನ ಹಿಡಿತದಲ್ಲೇ ಇಳಿಯಿರಿ, ಬ್ರೇಕನ್ನು ತಿರುವಿಗೆ ಮುನ್ನ ದೃಢವಾಗಿ ಹಿಡಿದು ಪೂರ್ತಿ ಬಿಡಿ. ಉದ್ದಕ್ಕೂ ಸವರಿಕೊಂಡು ಇಳಿಯುವುದು ಬೇಡ.

ಪ್ರಶ್ನೆ (ಶಿರಸಿಯಿಂದ):
ಅಣ್ಣಾ, ನನ್ನದೂ ಲಿಕ್ವಿಡ್ ಕೂಲ್ಡ್ ಬೈಕು. ಕಾಲೇಜಿಗೆ ಎರಡು ಕಿಲೋಮೀಟರು ಮಾತ್ರ ಓಡಿಸುತ್ತೇನೆ. ಈ ಮಳೆಗಾಲದಲ್ಲಿ ಎಂಜಿನ್ ಆಯಿಲಿನ ಮುಚ್ಚಳ ತೆಗೆದರೆ ಒಳಗೆ ಕೆನೆಬಣ್ಣದ ನೊರೆ ಅಂಟಿರುತ್ತದೆ. ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದು ಹೆದರಿಸುತ್ತಿದ್ದಾರೆ.

ಉತ್ತರ:
ನೊರೆ ಮುಚ್ಚಳದಲ್ಲಿ ಮಾತ್ರ ಇದೆಯೋ, ಕೆಳಗಿನ ಗಾಜಿನ ಕಿಂಡಿಯಲ್ಲಿ ಕಾಣುವ ಆಯಿಲೂ ಹಾಲು ಬೆರೆತಂತಾಗಿದೆಯೋ ನೋಡಿ. ಮುಚ್ಚಳದಲ್ಲಿ ಮಾತ್ರವಾದರೆ, ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ನಿಲ್ಲಿಸುವುದರಿಂದ ಒಳಗಿನ ತೇವ ಹೊರಹೋಗದೆ ತಣ್ಣನೆಯ ಮುಚ್ಚಳಕ್ಕೆ ಕಟ್ಟುತ್ತಿದೆ. ವಾರಕ್ಕೊಮ್ಮೆಯಾದರೂ ಬನವಾಸಿಯವರೆಗೆ ಹೋಗಿ ಬನ್ನಿ. ಎಂಜಿನ್ ಚೆನ್ನಾಗಿ ಕಾದರೆ ಆ ತೇವ ಆವಿಯಾಗಿ ಹೊರಟುಹೋಗುತ್ತದೆ. ಇಂಥ ಸಣ್ಣ ಓಡಾಟದ ಬೈಕಿಗೆ ಆಯಿಲನ್ನು ತಿಂಗಳ ಲೆಕ್ಕದಲ್ಲಿ ಬದಲಿಸಬೇಕು. ಡಬ್ಬಿಯ ಮೇಲೆ ಜೆಎಎಸ್ಒ ಎಂಎ ಅಥವಾ ಎಂಎ2 ಎಂದಿರುವುದನ್ನೇ ಕೊಳ್ಳಿ, ಏಕೆಂದರೆ ಕಾರಿನ ಕೆಲವು ಆಯಿಲುಗಳಲ್ಲಿರುವ ಜಾರಿಕೆಯ ಅಂಶ ನಿಮ್ಮ ಬೈಕಿನ ಕ್ಲಚ್ ಪ್ಲೇಟುಗಳನ್ನು ಜಾರಿಸುತ್ತದೆ.

ಆಯಿಲ್ ಪೂರ್ತಿ ಬೆಳ್ಳಗಾಗಿದ್ದು, ಎಂಜಿನ್ ತಣಿಸುವ ದ್ರವವಾದ ಕೂಲೆಂಟಿನ ಡಬ್ಬಿಯಲ್ಲಿ ಮಟ್ಟವೂ ಇಳಿಯುತ್ತಿದ್ದರೆ ಕೂಲೆಂಟ್ ಆಯಿಲಿಗೆ ಸೇರುತ್ತಿದೆ ಎಂದರ್ಥ, ಓಡಿಸುವುದನ್ನು ನಿಲ್ಲಿಸಿ. ಆಗಲೂ ಹೆಡ್ ಬಿಚ್ಚುವ ಮೊದಲು ವಾಟರ್ ಪಂಪಿನ ಸೀಲನ್ನು ನೋಡಿಸಿ; ಪಂಪಿನ ಕೆಳಗೆ ಸೋರಿಕೆ ತಿಳಿಯಲೆಂದೇ ಬಿಟ್ಟ ಸಣ್ಣ ರಂಧ್ರದಿಂದ ಕೂಲೆಂಟ್ ತೊಟ್ಟಿಕ್ಕುತ್ತಿದ್ದರೆ ಸೀಲು ಹೋಗಿದೆ ಎಂಬುದು ಖಚಿತ. ಕಡಿಮೆಯಾದ ಕೂಲೆಂಟಿನ ಬದಲು ಬಾವಿಯ ನೀರು ಹಾಕಬೇಡಿ.

ಪ್ರಶ್ನೆ (ಕುಮಟಾದಿಂದ):
ಚೈನಿಗೆ ಎಷ್ಟು ದಿನಕ್ಕೊಮ್ಮೆ ಆಯಿಲ್ ಹಾಕಬೇಕು? ಪೆಟ್ರೋಲಿನಿಂದ ತೊಳೆಯಬಹುದೇ?

ಉತ್ತರ:
ಪೆಟ್ರೋಲು ಬೇಡ. ಚೈನಿನ ಕೊಂಡಿಗಳ ನಡುವಿನ ಓ-ರಿಂಗುಗಳನ್ನು ಅದು ಒಣಗಿಸಿ ಸೀಳುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿದ ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ, ಬಟ್ಟೆಯಿಂದ ಒರೆಸಿ, 90 ನಂಬರಿನ ಗೇರ್ ಆಯಿಲನ್ನು ಒಳಬದಿಯಿಂದ ಬಿಟ್ಟು ಹೆಚ್ಚಾದದ್ದನ್ನು ಒರೆಸಿಬಿಡಿ. ಒರೆಸುವುದನ್ನು ಮರೆತರೆ ನಮ್ಮ ರಸ್ತೆಬದಿಯ ಚಿರೆಕಲ್ಲಿನ ಕೆಂಪು ಪುಡಿ ಅದಕ್ಕಂಟಿ, ಸಾಣೆ ಹಿಡಿದಂತೆ ಸ್ಪ್ರಾಕೆಟ್ಟನ್ನು ತಿನ್ನುತ್ತದೆ. ಬೇಸಿಗೆಯಲ್ಲಿ 500 ಕಿಲೋಮೀಟರಿಗೊಮ್ಮೆ ಸಾಕು. ಮಳೆಯಲ್ಲಿ ನೆನೆದು ಬಂದ ದಿನ ಸಂಜೆಯೇ, ಚೈನು ಬೆಚ್ಚಗಿರುವಾಗ ಹಾಕಿ. ಎಂಜಿನ್ ಚಾಲೂ ಇಟ್ಟು ಗೇರಿನಲ್ಲಿ ಚಕ್ರ ತಿರುಗಿಸುತ್ತ ಒರೆಸುವವರನ್ನು ನೋಡಿದ್ದೇನೆ. ಬಟ್ಟೆಯ ಜೊತೆ ಬೆರಳೂ ಒಳಗೆ ಹೋಗುತ್ತದೆ, ಕೈಯಿಂದಲೇ ತಿರುಗಿಸಿ.

ಪ್ರಶ್ನೆ (ಹೊನ್ನಾವರದಿಂದ):
ಜೋರು ಮಳೆಯಲ್ಲಿ ಓಡುತ್ತಿದ್ದಂತೆಯೇ ಎಂಜಿನ್ ಒಮ್ಮೆಲೇ ಬಂದಾಗುತ್ತದೆ, ಸ್ವಲ್ಪ ಹೊತ್ತಿನ ಬಳಿಕ ಏನೂ ಆಗದಂತೆ ಚಾಲೂ ಆಗುತ್ತದೆ. ಇಸಿಯು ಹೋಗಿರಬಹುದೇ?

ಉತ್ತರ:
ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಾದ ಇಸಿಯು ಅಷ್ಟು ಸುಲಭವಾಗಿ ಹೋಗುವುದಿಲ್ಲ. ಮೊದಲು ಸೈಡ್ ಸ್ಟ್ಯಾಂಡಿನ ಸ್ವಿಚ್ಚನ್ನು ನೋಡಿ. ಸ್ಟ್ಯಾಂಡು ಇಳಿದಿದ್ದರೆ ಎಂಜಿನ್ ನಿಲ್ಲಿಸುವ ಆ ಸ್ವಿಚ್ಚು ಕೆಸರು ಸಿಡಿಯುವ ಜಾಗದಲ್ಲೇ ಇರುವುದರಿಂದ, ಒಳಗೆ ನೀರು ಹೊಕ್ಕರೆ ಸ್ಟ್ಯಾಂಡು ಎತ್ತಿದ್ದರೂ ಇಳಿದಿದೆ ಎಂಬ ಸೂಚನೆಯನ್ನೇ ಕಳಿಸಬಹುದು. ಎಂಜಿನ್ ನಿಂತ ಕ್ಷಣದಲ್ಲಿ ಮೀಟರಿನಲ್ಲಿ ಸ್ಟ್ಯಾಂಡಿನ ಚಿಹ್ನೆ ಮೂಡುತ್ತದೆಯೇ ಗಮನಿಸಿ. ಅದು ಸರಿಯಿದ್ದರೆ ಬ್ಯಾಟರಿಯ ಟರ್ಮಿನಲ್, ಚಾಸಿಗೆ ಕೂಡುವ ಅರ್ಥ್ ವಯರು ಮತ್ತು ಚಾರ್ಜಿಂಗ್ ವೋಲ್ಟೇಜನ್ನು ಹದದಲ್ಲಿಡುವ ರೆಗ್ಯುಲೇಟರಿನ ಕಪ್ಲರುಗಳನ್ನು (ವಯರು ಜೋಡಿಸುವ ಪ್ಲಗ್ಗುಗಳನ್ನು) ಬಿಚ್ಚಿ ನೋಡಿಸಿ. ಹಸಿರು ಕಿಲುಬು ಕಂಡರೆ ಸ್ವಚ್ಛಗೊಳಿಸಿ, ನೀರು ಒಳಹೋಗದಂತೆ ಡೈಎಲೆಕ್ಟ್ರಿಕ್ ಗ್ರೀಸು ಹಚ್ಚಿಸಿ. ಕಪ್ಲರಿನ ಪ್ಲಾಸ್ಟಿಕ್ಕು ಕಂದಿದ್ದರೆ ಕಪ್ಲರನ್ನೇ ಬದಲಿಸಬೇಕು. ಕೊನೆಗೆ ಮಲ್ಟಿಮೀಟರಿನಿಂದ ಅಳೆಯಿರಿ: ಪೂರ್ತಿ ಚಾರ್ಜಾದ ಬ್ಯಾಟರಿ ಎಂಜಿನ್ ಬಂದ್ ಇರುವಾಗ ಸುಮಾರು 12.6 ವೋಲ್ಟ್, ಎಂಜಿನ್ನನ್ನು 5000 ಆರ್‌ಪಿಎಂನಲ್ಲಿ ಓಡಿಸಿದಾಗ ಸುಮಾರು 14 ವೋಲ್ಟ್ ತೋರಿಸಬೇಕು. ವೇಗ ಹೆಚ್ಚಿದರೂ 13ರ ಕೆಳಗೇ ಇದ್ದರೆ ಚಾರ್ಜಿಂಗ್ ಆಗುತ್ತಿಲ್ಲ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ, ಅದನ್ನು ಬದಲಿಸುವವರೆಗೆ ಬೈಕು ಓಡಿಸಬೇಡಿ, ಏಕೆಂದರೆ ಆಗ ಮಾತ್ರ ಇಸಿಯುಗೆ ನಿಜವಾದ ಅಪಾಯವಿದೆ.