ಫ್ಲಡ್‌ಪ್ಲೇನ್‌ಗೆ ಏನನ್ನೋಣ: ನೆರೆಬಯಲೋ, ಹೊಳೆಸಾಲೋ? ಜೊತೆಗೆ 'ಹತ್ತುಮೀನು' ಬಗ್ಗೆ

ಎಲ್ಲರಿಗೂ ನಮಸ್ಕಾರ.

ಪುಣೆಯಲ್ಲಿರುವ ನಾವು ಕೆಲವು ಕನ್ನಡಿಗರು ಸೇರಿ ಹೊಳೆಗಳ ಬಗ್ಗೆ ಮಕ್ಕಳಿಗೊಂದು ಪುಟ್ಟ ಪುಸ್ತಕ ಬರೆಯುತ್ತಿದ್ದೇವೆ. ಅದರಲ್ಲಿ ಒಂದು ಅಧ್ಯಾಯ ಅಮೆರಿಕದ ಪಶ್ಚಿಮ ಕರಾವಳಿಯ ಸಾಲ್ಮನ್, ಟ್ರೌಟ್ ಮೀನುಗಳದ್ದು. ಕೆಟ್ಟುಹೋದ ಹೊಳೆಗಳಲ್ಲಿ ಮೀನು ಮತ್ತೆ ಬಾಳುವಂತೆ ಮಾಡಲು ಅಲ್ಲಿ ವರ್ಷಗಟ್ಟಲೆ ದುಡಿಯುತ್ತಿದ್ದಾರಲ್ಲ, ಆ ಕತೆ. ಒಂದೆರಡು ಪದಗಳಿಗೆ ನಿಮ್ಮ ನೆರವು ಬೇಕು. ದೊಡ್ಡ ತೊಡಕು 'ಫ್ಲಡ್‌ಪ್ಲೇನ್'.

ಪಠ್ಯಪುಸ್ತಕದಲ್ಲಿ 'ಪ್ರವಾಹ ಬಯಲು' ಅಂತ ಇದೆ. ಹೊಳೆ ಉಕ್ಕಿದಾಗ ನೀರು ಹರಡಿಕೊಂಡು, ಇಳಿದಾಗ ಮೆಕ್ಕಲು ಬಿಟ್ಟುಹೋಗುವ ತಗ್ಗು ನೆಲ. ಅರ್ಥದಲ್ಲಿ ತಪ್ಪಿಲ್ಲ. ಆದರೆ ಪ್ರವಾಹ ಅಂದ ಕೂಡಲೇ ಕಣ್ಣಿಗೆ ಬರುವುದು ಮುಳುಗಿದ ಮನೆ, ಗಂಜಿ ಕೇಂದ್ರ. ಪುಣೆಯಲ್ಲಂತೂ 'ಪೂರ್' (ಮರಾಠಿಯಲ್ಲಿ ನೆರೆ) ಅಂದರೆ ಹಳಬರಿಗೆ 1961ರ ಜುಲೈ 12, ಪಾನಶೇತ್ ಅಣೆಕಟ್ಟು ಒಡೆದ ದಿನ. ಈಗಲೂ ಮಳೆಗಾಲದಲ್ಲಿ ಖಡಕ್‌ವಾಸ್ಲಾ ಅಣೆಕಟ್ಟಿನಿಂದ ನೀರು ಜಾಸ್ತಿ ಬಿಟ್ಟರೆ ಭಿಡೆ ಸೇತುವೆ ಮುಳುಗುತ್ತದೆ, ನದಿಪಾತ್ರದ ರಸ್ತೆ ಬಂದ್ ಆಗುತ್ತದೆ. ಇಲ್ಲಿ ಎಲ್ಲರ ಬಾಯಲ್ಲಿರುವ ಮರಾಠಿ ಮಾತು 'ಪೂರರೇಷಾ', ಅಂದರೆ ನೆರೆಯ ಗೆರೆ. ನಕ್ಷೆಯಲ್ಲಿ ಎರಡು ಗೆರೆ ಇರುತ್ತವೆ. 25 ವರ್ಷಕ್ಕೊಮ್ಮೆ ಬರಬಹುದಾದ ನೆರೆ ಮುಟ್ಟುವಲ್ಲಿಗೆ ನೀಲಿ, 100 ವರ್ಷಕ್ಕೊಮ್ಮೆ ಬರುವಂಥದ್ದಕ್ಕೆ ಕೆಂಪು. ಮನೆ ಕಟ್ಟುವವರಿಗೆ ಬೇಕಾದ ಪದ ಅದು. ಮೀನಿನ ಕತೆಗೆ ಒದಗುವುದಿಲ್ಲ.

ಯಾಕೆ ಅಂದರೆ ಸಾಲ್ಮನ್ ಮರಿಗೆ ಆ ಬಯಲೇ ತೊಟ್ಟಿಲು. ಕೋಹೋ ಅನ್ನುವ ಜಾತಿಯ ಮರಿಗಳು ಸಮುದ್ರಕ್ಕೆ ಇಳಿಯುವ ಮುಂಚೆ ಸಾಮಾನ್ಯವಾಗಿ ಒಂದು ವರ್ಷ ಹೊಳೆಯಲ್ಲೇ ಕಳೆಯುತ್ತವೆ. ಚಳಿಗಾಲದಲ್ಲಿ ನೀರು ಏರಿದಾಗ ನಡುಹೊಳೆಯ ಸೆಳವಿಗೆ ಬೆರಳುದ್ದದ ಮರಿ ನಿಲ್ಲಲಾರದು. ಪಕ್ಕದ ಕವಲಿಗೋ ಜವುಗಿಗೋ ಸರಿದುಕೊಳ್ಳುತ್ತದೆ. ಅಲ್ಲಿ ನೀರು ನಿಧಾನ, ತಿನ್ನಲು ಹುಳಹುಪ್ಪಟೆ ಬೇಕಾದಷ್ಟು. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಹೊಳೆಯ ಪಕ್ಕ ಯೋಲೋ ಬೈಪಾಸ್ ಅಂತ ಒಂದು ದೊಡ್ಡ ತಗ್ಗು ಪ್ರದೇಶ ಇದೆ. ಅಲ್ಲಿ ಹರಡಿ ನಿಂತ ನೆರೆನೀರಿನಲ್ಲಿ ಬೆಳೆದ ಚಿನೂಕ್ ಅನ್ನುವ ಇನ್ನೊಂದು ಜಾತಿಯ ಸಾಲ್ಮನ್ ಮರಿಗಳು ನಡುಹೊಳೆಯ ಮರಿಗಳಿಗಿಂತ ಬೇಗ ಮೈ ತುಂಬಿಕೊಳ್ಳುವುದನ್ನು ಅಳೆದು ನೋಡಿದ್ದಾರೆ. ಏರಿ ಕಟ್ಟಿ ಹೊಳೆಯನ್ನು ನೆಟ್ಟಗೆ ಮಾಡಿದಾಗ ಮರಿಗಳಿಗೆ ಇಂಥ ಜಾಗ ಸಿಗದೇ ಹೋಯಿತು. ಈಗ ಕೆಲವು ಕಡೆ ಏರಿಯನ್ನು ಹಿಂದಕ್ಕೆ ಸರಿಸುತ್ತಿದ್ದಾರೆ, ಮುಚ್ಚಿಹೋದ ಕವಲು ಬಿಡಿಸುತ್ತಿದ್ದಾರೆ, ಬೇರುಸಮೇತ ಮರದ ದಿಮ್ಮಿಗಳನ್ನು ಹೊಳೆಯೊಳಗೆ ಇಡುತ್ತಿದ್ದಾರೆ. ಒಂದು ಕಾಲದಲ್ಲಿ ಇಂಥ ದಿಮ್ಮಿಗಳನ್ನೇ ಮೀನಿಗೆ ಅಡ್ಡಿ ಅಂತ ಎತ್ತಿ ಹೊರಗೆ ಹಾಕಿದ್ದರು! ಅಣೆಕಟ್ಟುಗಳನ್ನೂ ಕೆಡವಿದ್ದಾರೆ. ಎಲ್ವಾ ಹೊಳೆಯಲ್ಲಿ ಎರಡು, 2011ರಿಂದ 2014ರೊಳಗೆ. ಕ್ಲಾಮತ್ ಹೊಳೆಯಲ್ಲಿ ನಾಲ್ಕು. ಕೆಲಸ ಮುಗಿದದ್ದು 2024ರಲ್ಲಿ, ಆ ಅಕ್ಟೋಬರ್‌ನಲ್ಲೇ ಸಾಲ್ಮನ್‌ಗಳು ಅಣೆಕಟ್ಟು ಇದ್ದ ಜಾಗ ದಾಟಿ ಮೇಲಕ್ಕೆ ಹೋದವು.

ಮರಿಗಳನ್ನು ಹೀಗೆ ಸಾಕುವ ನೆಲಕ್ಕೆ ಹಾವಳಿಯ ವಾಸನೆ ಇರುವ ಹೆಸರು ಇಡಲು ಮನಸ್ಸು ಒಪ್ಪುತ್ತಿಲ್ಲ. ನನ್ನ ಒಲವು 'ನೆರೆಬಯಲು' ಕಡೆಗೆ. 'ನೆರೆ ಹಾವಳಿ', 'ನೆರೆ ಸಂತ್ರಸ್ತರು' ಅಂತ ಪತ್ರಿಕೆಗಳಲ್ಲಿ ಓದಿ ಓದಿ ಈ ಪದಕ್ಕೂ ಕೇಡಿನ ಅರ್ಥ ಅಂಟಿದೆ, ನಿಜ. ಆದರೆ ನೆರೆ ಅಂದರೆ ಕೂಡು, ತುಂಬು ಅಂತಲೂ ಇದೆಯಲ್ಲ. ಜನ ನೆರೆದರು, ಸಂತೆ ನೆರೆಯಿತು, ಹುಡುಗಿ ಮೈನೆರೆದಳು ಅನ್ನುತ್ತೇವೆ, ಅದರಲ್ಲಿ ಕೇಡೇನೂ ಇಲ್ಲ. ನೆರೆಹೊರೆಯ 'ನೆರೆ'ಯೂ ಕಿವಿಗೆ ಬೀಳುತ್ತದೆ: ಹೊಳೆಯ ನೆರೆಯಲ್ಲಿರುವ ಬಯಲು. ಅದೂ ಸರಿಯೇ ಅಲ್ವಾ?

ನಮ್ಮ ಗುಂಪಿನಲ್ಲಿರುವ ಜಮಖಂಡಿ ಕಡೆಯ ಅಕ್ಕ ಒಬ್ಬರು ಇದನ್ನು ಒಪ್ಪುತ್ತಿಲ್ಲ. 'ಹೊಳಿಸಾಲ ಹೊಲ' ಅಂತ ನಮ್ಮಲ್ಲಿ ಇರುವಾಗ ಹೊಸ ಪದ ಯಾಕೆ ಅನ್ನುತ್ತಾರೆ. ಅವರ ಮಾತಿನಲ್ಲಿ ಹೊಳಿಸಾಲ ಹೊಲ ಅಂದರೆ ಕೃಷ್ಣೆ ಏರಿ ಇಳಿದು ಮೆಕ್ಕಲು ಬಿಟ್ಟ ಒಳ್ಳೆ ಹೊಲ. ಪದ ನನಗೂ ಬಹಳ ಹಿಡಿಸಿತು. ತಕರಾರು ಒಂದೇ. ಹೊಳೆಸಾಲಿನ ಹಳ್ಳಿಗಳು ಅಂದಾಗ ಹೊಳೆ ಉದ್ದಕ್ಕೂ ಇರುವ ಊರೆಲ್ಲ ಸೇರುತ್ತದೆ, ನೀರೇರದ ದಿಬ್ಬ ಕೂಡ. ನನಗೆ ಬೇಕಿರುವುದು ನೀರು ಹತ್ತಿ ಇಳಿಯುವ ನೆಲ ಮಾತ್ರ.

ಇನ್ನು ಮೀನಿನ ಮಾತಿಗೆ ಬರುತ್ತೇನೆ. ಸಮುದ್ರದಿಂದ ಹೊಳೆಗೆ ಹತ್ತಿ ಬಂದು ಮೊಟ್ಟೆ ಇಡುವ ಮೀನಿಗೆ 'ಉಭಯಜಲವಾಸಿ' ಅಂತೆಲ್ಲ ಬರೆದರೆ ಮಕ್ಕಳು ಪುಟ ತಿರುಗಿಸಿಬಿಡುತ್ತಾರೆ. ಮಲೆನಾಡಿನಲ್ಲಿ 'ಹತ್ತುಮೀನು' ಅಂತಾರಲ್ಲ, ಅದನ್ನೇ ಬಳಸಬಹುದೇ? ಮುಂಗಾರಿನ ಮೊದಲ ಜೋರು ಮಳೆಗೆ ಹಳ್ಳ ತುಂಬಿ ಗದ್ದೆಗೆ ಕೂಡಿಕೊಂಡಾಗ, ಹೊಟ್ಟೆ ತುಂಬ ಮೊಟ್ಟೆ ಇಟ್ಟುಕೊಂಡ ಮೀನುಗಳು ಎದುರುನೀರಿಗೆ ಏರುತ್ತವೆ. ಗದ್ದೆಯ ಅಂಚಿನಲ್ಲಿ, ಒಂದು ಗೇಣು ನೀರಿನಲ್ಲಿ, ಬೆನ್ನು ಹೊರಗೆ ಕಾಣುವಂತೆ ಒದ್ದಾಡುತ್ತಾ ಹತ್ತುವುದನ್ನು ನೋಡಿದವರು ಇಲ್ಲಿ ಎಷ್ಟೋ ಜನ ಇರಬೇಕು. ಮಹಾರಾಷ್ಟ್ರದಲ್ಲಿ ಇದಕ್ಕೆ 'ವಲಗಣೀಚೇ ಮಾಸೆ' ಅಂತಾರೆ, ಕೊಂಕಣದ ಕಡೆ 'ಚಢಣೀಚೇ ಮಾಸೆ' ಅಂತಲೂ ಉಂಟು. ಚಢಣ ಅಂದರೆ ಏರು, ಅಂದರೆ ಹತ್ತುಮೀನೇ.

ನಮ್ಮ ಹತ್ತುಮೀನು ಸಮುದ್ರದಿಂದ ಬಂದದ್ದಲ್ಲ, ಹೊಳೆಯಿಂದ ಗದ್ದೆಗೆ ಹತ್ತುವಂಥದ್ದು. ಸಾಲ್ಮನ್ ಕಡಲಿನಿಂದ ನೂರಾರು ಮೈಲಿ ಬರುತ್ತದೆ. ಈ ವ್ಯತ್ಯಾಸ ಸಣ್ಣದಲ್ಲ. ಆದರೂ ನನಗೆ ಈ ಪದ ಬೇಕು. ಮೊಟ್ಟೆಯೊಡೆದ ಮರಿಗೆ ಹರಡಿದ ನೀರು ಬೇಕು ಅನ್ನುವುದು ಹತ್ತುಮೀನು ಕಂಡವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. 'ಕಡಲ ಹತ್ತುಮೀನು' ಅಂದರೆ ಹೇಗಿರುತ್ತದೆ?

ಉಳಿದವು ಚಿಕ್ಕವು. ಹೆಣ್ಣು ಸಾಲ್ಮನ್ ಮಗ್ಗುಲಾಗಿ ಮಲಗಿ ಬಾಲದಿಂದ ಬಡಿದು ಜಲ್ಲಿಕಲ್ಲಿನಲ್ಲಿ ಗುಣಿ ತೋಡುತ್ತದೆ, ಮೊಟ್ಟೆ ಬಿಟ್ಟು ಮೇಲುಗಡೆಯ ಜಲ್ಲಿ ಎಬ್ಬಿಸಿ ಮುಚ್ಚುತ್ತದೆ. ಇಂಗ್ಲಿಷಿನಲ್ಲಿ ಆ ಗುಣಿಗೆ 'ರೆಡ್' (redd) ಅಂತಾರೆ. ಕಲ್ಲಿನ ಸಂದಿಯಲ್ಲಿ ನೀರಾಡಿದರೆ ಮಾತ್ರ ಮೊಟ್ಟೆ ಉಳಿಯುತ್ತದೆ, ನುಣ್ಣನೆ ಹೂಳು ಕೂತರೆ ಉಸಿರು ಕಟ್ಟಿ ಸಾಯುತ್ತದೆ. 'ತತ್ತಿಗುಣಿ' ಅಂತ ಬರೆದಿದ್ದೇನೆ. ದಕ್ಷಿಣದವರಿಗೆ 'ತತ್ತಿ' ಸಲೀಸಾಗಿ ತಿಳಿಯುತ್ತದೆಯೇ?

'ನೇಟಿವ್ ಟ್ರೌಟ್' ಅನ್ನುವುದಕ್ಕೆ ಸುಮ್ನೆ 'ದೇಸಿ ಟ್ರೌಟ್' ಅಂದರೆ ಗೊಂದಲ ಆಗುತ್ತದೆ. ನೀಲಗಿರಿಯ ತೊರೆಗಳಲ್ಲಿರುವ ರೇನ್‌ಬೋ ಟ್ರೌಟ್ ಬ್ರಿಟಿಷರ ಕಾಲದಲ್ಲಿ ಹೊರಗಿನಿಂದ ತಂದು ಬಿಟ್ಟದ್ದು, ನಮಗೆ ದೇಸಿಯಲ್ಲ. 'ಆ ಹೊಳೆಯದೇ ಮೀನು' ಅಂತ ಬಿಡಿಸಿ ಬರೆಯುವುದು ಮೇಲು ಅನ್ನಿಸಿದೆ.

ಕೃಷ್ಣಾ, ಮಲಪ್ರಭಾ, ತುಂಗಭದ್ರಾ ದಂಡೆಯವರು 'ಹೊಳೆಸಾಲು' ಪದವನ್ನು ಯಾವ ನೆಲಕ್ಕೆ ಬಳಸುತ್ತೀರಿ, ನೀರೇರದ ಜಾಗಕ್ಕೂ ಅನ್ನುತ್ತೀರಾ ಅಂತ ದಯವಿಟ್ಟು ತಿಳಿಸಿ. ಮಲೆನಾಡು, ಕರಾವಳಿಯವರು ಹತ್ತುಮೀನಿಗೆ ನಿಮ್ಮೂರಿನಲ್ಲಿರುವ ಬೇರೆ ಹೆಸರನ್ನೂ ಕೊಡಿ. ಮನೆಯ ಹಿರಿಯರು ಆಡುವ ವಾಕ್ಯವನ್ನು ಹಾಗೇ ಬರೆದು, ಊರು ತಾಲ್ಲೂಕು ಸೇರಿಸಿದರೆ ತುಂಬಾ ಉಪಕಾರ. ದೀಪಾವಳಿಗೆ ಮುಂಚೆ ಕರಡನ್ನು ಚಿತ್ರ ಬರೆಯುವವರಿಗೆ ಕೊಡಬೇಕಾಗಿದೆ.