ಸಂಘದ ಜೆರ್ಸಿ ಮೇಲೆ ನಾಯಕರ ಫೋಟೊ ಬಂದಾಗ ನಾವು ಏನು ಮಾಡಿದೆವು

ಕಡೂರು ಕಡೆಯ ಒಬ್ಬ ಅಕ್ಕ ಕೇಳಿದ್ದು ಇದು. ಅವರ ಊರಿನ ಯುವಕ ಸಂಘಕ್ಕೆ ಒಂದು ಪಕ್ಷದವರು ಕಬಡ್ಡಿ ಮ್ಯಾಟ್ ಕೊಡಿಸಿದರು. ಒಂದು ತಿಂಗಳಾದ ಮೇಲೆ ಹುಡುಗರನ್ನು ಪಿಕಪ್‌ನಲ್ಲಿ ಹತ್ತಿಸಿಕೊಂಡು ಸಮಾವೇಶಕ್ಕೆ ಕರೆದುಕೊಂಡು ಹೋದರು. ಅವರ 14 ವರ್ಷದ ಮಗನೂ ಹೋಗಿದ್ದ, ಮನೆಯಲ್ಲಿ ಹೇಳಿರಲಿಲ್ಲ. ಈಗ ಪಕ್ಕದ ಮನೆಯ ಗೆಳೆಯ 'ಆ ಕಡೆಯವನು' ಅಂತ ಅವನ ಜೊತೆ ಮಾತೇ ಬಿಟ್ಟಿದ್ದಾನೆ. ಮಗನನ್ನು ಸಂಘದಿಂದ ಬಿಡಿಸಬೇಕಾ, ಮನೆಯಲ್ಲಿ ರಾಜಕೀಯದ ಮಾತೇ ನಿಲ್ಲಿಸಬೇಕಾ, ನಿಮ್ಮ ಕಡೆ ಹೀಗಾಗಿದ್ದರೆ ಹೇಳಿ ಅಂದಿದ್ದಾರೆ.

ಅಕ್ಕಾ, ಎರಡೂ ಮಾಡಬೇಡಿ. ನಾನು ಮೂಡಿಗೆರೆ ತಾಲ್ಲೂಕಿನವನು. ಸ್ವಲ್ಪ ಕಾಫಿ, ಸ್ವಲ್ಪ ಮೆಣಸು ಇದೆ. ನಮ್ಮೂರಿನ ಯುವಕ ಸಂಘಕ್ಕೆ 9 ವರ್ಷ ಕಾರ್ಯದರ್ಶಿ ಆಗಿದ್ದೆ. ನೀವು ಹೇಳಿದ್ದೆಲ್ಲ ನಮ್ಮಲ್ಲೂ ಆಗಿದೆ, ತಪ್ಪು ನಮ್ಮ ಕಡೆಯಿಂದಲೂ ಆಗಿದೆ.

ನಮ್ಮದು ವಾಲಿಬಾಲ್ ಸಂಘ. ಎರಡು ಅಡಿಕೆ ಮರದ ಕಂಬ ನೆಟ್ಟು, ನೆಟ್ ಕಟ್ಟಿ ಶುರು ಮಾಡಿದ್ದು. ವರ್ಷಕ್ಕೊಂದು ಟೂರ್ನಮೆಂಟ್, ರಾಜ್ಯೋತ್ಸವ, ಗಣಪತಿ ಕೂರಿಸುವುದು, ಮಳೆಗಾಲಕ್ಕೆ ಮುಂಚೆ ಚರಂಡಿ ಬಿಡಿಸುವುದು, ಇಷ್ಟೇ ಕೆಲಸ. ದುಡ್ಡಿಗೆ ಯಾವಾಗಲೂ ಪರದಾಟ. ಒಂದು ವರ್ಷ ಟೂರ್ನಮೆಂಟ್‌ಗೆ ಒಬ್ಬ ಮುಖಂಡರು 14 ಜೆರ್ಸಿ ಕೊಡಿಸಿದರು. ಖುಷಿಯಿಂದ ತಗೊಂಡೆವು. ಕವರ್ ಬಿಚ್ಚಿದಾಗ ಎದೆ ಮೇಲೆ ಸಂಘದ ಹೆಸರು ಸಣ್ಣಗೆ, ಬೆನ್ನ ಮೇಲೆ ಅವರ ಫೋಟೊ, ಪಕ್ಷದ ಚಿಹ್ನೆ ದೊಡ್ಡದಾಗಿ. ಇರಲಿ ಬಿಡಿ, ಬಟ್ಟೆ ತಾನೆ ಅಂದುಕೊಂಡೆವು.

ಮ್ಯಾಚ್ ದಿನ ಪಿಯುಸಿ ಓದುತ್ತಿದ್ದ ನಮ್ಮ ಒಬ್ಬ ಹುಡುಗ ಜೆರ್ಸಿಯನ್ನು ಒಳಮಗ್ಗಲು ಹೊರಗೆ ಮಾಡಿ ಹಾಕಿಕೊಂಡು ಬಂದ. ಹೊಲಿಗೆ ದಾರ ಎಲ್ಲ ಹೊರಗೆ ಕಾಣುತ್ತಿತ್ತು. ಯಾಕೋ ಅಂದೆ. 'ಅಣ್ಣ, ಇದು ಹಾಕಿಕೊಂಡು ಮನೆಗೆ ಹೋದರೆ ಅಪ್ಪ ಬೈತಾರೆ, ಹಾಕದಿದ್ದರೆ ನೀವು ಆಡಿಸಲ್ಲ' ಅಂದ. ಅವನ ಅಪ್ಪ ಬೇರೆ ಪಕ್ಷದಲ್ಲಿ ಓಡಾಡುವವರು. ಆ ಹುಡುಗ ಅವತ್ತು ಚೆನ್ನಾಗಿ ಆಡಿದ, ಆದರೆ ಪ್ರೈಜ್ ಕೊಡುವಾಗ ಫೋಟೊಗೆ ನಿಲ್ಲಲಿಲ್ಲ. ನನಗೆ ಅದು ಇವತ್ತಿಗೂ ಹೊಟ್ಟೆ ಉರಿಸುತ್ತದೆ. ಅವನಿಗೆ ಆ ಕಷ್ಟ ತಂದಿಟ್ಟವರು ನಾವೇ, ದೊಡ್ಡವರು.

ಮುಂದಿನ ವರ್ಷಕ್ಕೆ ಹುಡುಗರು ಎರಡು ಗುಂಪಾದರು. ವಾಟ್ಸಾಪ್ ಗ್ರೂಪ್‌ನಲ್ಲಿ ಪ್ರಾಕ್ಟೀಸ್ ಟೈಮ್ ಹಾಕುವುದು ಬಿಟ್ಟು ಬರೀ ನಾಯಕರ ವಿಡಿಯೊ. ಆಗ ನಾವು ಎರಡನೇ ತಪ್ಪು ಮಾಡಿದೆವು. 'ಸಂಘದಲ್ಲಿ ರಾಜಕೀಯ ಮಾತಾಡುವಂತಿಲ್ಲ' ಅಂತ ಬೋರ್ಡ್ ಬರೆದು ಹಾಕಿದೆವು. ನಮ್ಮೆದುರು ಮಾತು ನಿಂತಿತು, ಅಷ್ಟೇ. ಮೊಬೈಲ್‌ನಲ್ಲಿ ನೋಡಿದ್ದನ್ನೇ ನಿಜ ಅಂದುಕೊಂಡರು, ಪ್ರಶ್ನೆ ಕೇಳಲು ಅವರಿಗೆ ಯಾರೂ ಇರಲಿಲ್ಲ. 'ಅಣ್ಣ, ಎಂಎಲ್‌ಎಗೂ ಎಂಪಿಗೂ ಏನು ವ್ಯತ್ಯಾಸ' ಅಂತ ಕೇಳಲು ಬಂದ ಹುಡುಗನಿಗೆ ಬೋರ್ಡ್ ತೋರಿಸಿ ಸುಮ್ನಿರು ಅಂದವನು ನಾನೇ. ಪಕ್ಷವನ್ನು ಹೊರಗಿಡಲು ಹೋಗಿ ತಿಳಿವಳಿಕೆಯನ್ನೂ ಹೊರಗೆ ಹಾಕಿದ್ದೆವು.

ಆಮೇಲೆ ಮೂರು ಸಂಜೆ ಕೂತು ಮಾತಾಡಿದೆವು. ಹಿರಿಯರು, ಹುಡುಗರು ಎಲ್ಲರೂ ಇದ್ದರು. ನಮ್ಮದು 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ರಿಜಿಸ್ಟರ್ ಆದ ಸಂಘ, ಹಾಗಾಗಿ ಸರ್ವಸದಸ್ಯರ ಸಭೆ ಕರೆದು ಬೈಲಾದಲ್ಲೇ ಬರೆಸಿದೆವು. ಪಕ್ಷದಲ್ಲಿ ಹುದ್ದೆ ಇರುವವರು ಸಂಘದಲ್ಲಿ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಆಗುವಂತಿಲ್ಲ. ಸದಸ್ಯರಾಗಿ ಇರಬಹುದು, ಆಡಬಹುದು. ಯಾರು ದುಡ್ಡು ಕೊಟ್ಟರೂ ತಗೊಳ್ಳುತ್ತೇವೆ, ರಸೀದಿ ಕೊಡುತ್ತೇವೆ, ಎಲ್ಲರ ಹೆಸರೂ ಒಂದೇ ಬೋರ್ಡ್‌ನಲ್ಲಿ ಒಂದೇ ಅಳತೆ ಅಕ್ಷರದಲ್ಲಿ. 500 ರೂಪಾಯಿ ಕೊಟ್ಟ ಚಹಾ ಅಂಗಡಿಯವರೂ ಅಲ್ಲೇ, 20 ಸಾವಿರ ಕೊಟ್ಟವರೂ ಅಲ್ಲೇ. ಜೆರ್ಸಿ ಮೇಲೆ ಊರಿನ ಹೆಸರು ಬಿಟ್ಟು ಬೇರೇನೂ ಇಲ್ಲ. 18 ತುಂಬದವರನ್ನು ಸಂಘದ ಹೆಸರಲ್ಲಿ ಯಾವ ಸಮಾವೇಶಕ್ಕೂ ಕಳಿಸುವುದಿಲ್ಲ.

ಮೊದಲ ವರ್ಷ ದುಡ್ಡು ಅರ್ಧಕ್ಕೆ ಇಳಿಯಿತು, ಸುಳ್ಳು ಹೇಳುವುದಿಲ್ಲ. ಶಾಮಿಯಾನ ಹಾಕಿಸಲಿಲ್ಲ, ಬಿಸಿಲಲ್ಲೇ ಆಡಿಸಿದೆವು. ಕೆಲವರು ನಮ್ಮನ್ನು 'ಆ ಪಕ್ಷದವರು' ಅಂದರು, ಇನ್ನು ಕೆಲವರು 'ಈ ಪಕ್ಷದವರು' ಅಂದರು. ಎರಡೂ ಕಡೆಯಿಂದ ಬೈಸಿಕೊಂಡಾಗ ದಾರಿ ಸರಿ ಇದೆ ಅಂತ ಧೈರ್ಯ ಬಂತು.

ಹಟ ಮಾಡಿದವರಿಗೆ ನಾನು ಹೇಳಿದ್ದು ಒಂದೇ ಮಾತು. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಎಲೆಕ್ಷನ್‌ನಲ್ಲೇ ಪಕ್ಷದ ಚಿಹ್ನೆ ಇಲ್ಲ. ಒಳಗೊಳಗೆ ಯಾರು ಯಾವ ಕಡೆ ಅಂತ ಎಲ್ಲರಿಗೂ ಗೊತ್ತು, ಆದರೂ ಊರು ಒಡೆಯಬಾರದು ಅಂತ ಕಾನೂನಿನಲ್ಲಿ ಹಾಗಿಟ್ಟಿದ್ದಾರೆ. ಓಟು ಹಾಕುವ ದೊಡ್ಡವರಿಗೇ ಹೀಗಿರುವಾಗ, ಓಟೇ ಇಲ್ಲದ ಮಕ್ಕಳ ಬೆನ್ನಿಗೆ ಯಾಕೆ ಚಿಹ್ನೆ ಅಂಟಿಸಬೇಕು?

ನಿಮ್ಮ ಮಗನನ್ನು ಕರೆದುಕೊಂಡು ಹೋದ ವಿಷಯಕ್ಕೆ ಬರುತ್ತೇನೆ. ಅದು ಚುನಾವಣೆ ಸಮಯ ಆಗಿದ್ದರೆ ನಿಯಮ ನಿಮ್ಮ ಪರ ಇದೆ. 2024ರ ಫೆಬ್ರವರಿಯಲ್ಲಿ ಚುನಾವಣಾ ಆಯೋಗ ಎಲ್ಲ ಪಕ್ಷಗಳಿಗೂ ಖಡಕ್ಕಾಗಿ ಬರೆದಿದೆ. ಪ್ರಚಾರಕ್ಕೆ ಮಕ್ಕಳನ್ನು ಬಳಸಬಾರದು, ರ‍್ಯಾಲಿಗೆ ಕರೆದೊಯ್ಯಬಾರದು, ಕರಪತ್ರ ಹಂಚಿಸಬಾರದು, ಘೋಷಣೆ ಕೂಗಿಸಬಾರದು, ಎತ್ತಿಕೊಂಡು ಫೋಟೊ ತೆಗೆಸಿಕೊಳ್ಳಬಾರದು. ಅಪ್ಪ ಅಮ್ಮನ ಜೊತೆ ಮಗು ಸುಮ್ಮನೆ ಬಂದು ನಿಂತಿದ್ದರೆ ತಪ್ಪಲ್ಲ. ನೀತಿ ಸಂಹಿತೆ ಜಾರಿಯಲ್ಲಿದ್ದಾಗ ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪ್‌ನಲ್ಲಿ ಫೋಟೊ ಸಮೇತ ದೂರು ಕೊಡಬಹುದು. ಆದರೆ ದೂರಿಗಿಂತ ಮೊದಲು ಸಂಘದ ದೊಡ್ಡವರನ್ನು ಮನೆಗೆ ಕರೆದು, ಕಾಫಿ ಕೊಟ್ಟು, 'ನನ್ನನ್ನು ಕೇಳದೆ ಕರೆದುಕೊಂಡು ಹೋದಿರಲ್ಲ, ದಾರಿಯಲ್ಲಿ ಏನಾದರೂ ಆಗಿದ್ದರೆ ಯಾರು ಹೊಣೆ' ಅಂತ ನೇರವಾಗಿ ಕೇಳಿ. ನಮ್ಮಲ್ಲಿ ಒಬ್ಬ ತಾಯಿ ಹೀಗೆ ಕೇಳಿದ್ದು ಬೈಲಾಗಿಂತ ಜಾಸ್ತಿ ಕೆಲಸ ಮಾಡಿತು.

ಬೇರೆಯವರ ಅನುಭವವನ್ನೂ ಕೇಳಿ ಹಾಕುತ್ತಿದ್ದೇನೆ. ಬೇಲೂರು ಕಡೆಯ ನನ್ನ ಭಾವನ ಊರಿನಲ್ಲಿ ಯಾರೂ ಮಧ್ಯೆ ಬರಲಿಲ್ಲ. ಒಂದು ಸಂಘ ಎರಡಾಯಿತು, ಗಣಪತಿಯೂ ಎರಡು, ಮೆರವಣಿಗೆಯೂ ಎರಡು. ಈಗ ಒಂದು ಟೀಮ್‌ಗೆ ಸಾಕಾಗುವಷ್ಟು ಹುಡುಗರೂ ಯಾವ ಕಡೆಯಲ್ಲೂ ಇಲ್ಲ.

ಸಕಲೇಶಪುರದಲ್ಲಿ ಸ್ಕೌಟ್ ನಡೆಸುವ ಮೇಷ್ಟ್ರು ಒಬ್ಬರು ಹೇಳಿದ್ದು ಇದು. ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ತನ್ನನ್ನು ರಾಜಕೀಯೇತರ ಚಳವಳಿ ಅಂತಲೇ ಕರೆದುಕೊಳ್ಳುತ್ತದೆ, ಅದಕ್ಕೆ ಯೂನಿಫಾರ್ಮ್ ಹಾಕಿದ ಮಕ್ಕಳನ್ನು ಪಕ್ಷದ ಕಾರ್ಯಕ್ರಮದಲ್ಲಿ ಸಾಲಾಗಿ ನಿಲ್ಲಿಸಿ ಅಂತ ಯಾರೇ ಕೇಳಿದರೂ ಆಗಲ್ಲ ಅನ್ನುವುದು ಅವರಿಗೆ ಸುಲಭ. ನಮ್ಮಂಥ ಊರ ಸಂಘಗಳಿಗೆ ಅಂಥ ಹಳೇ ನಿಯಮದ ಬೆಂಬಲ ಇರುವುದಿಲ್ಲ. ನಾವೇ ಬರೆದುಕೊಳ್ಳಬೇಕು.

ಹಾಸನದಲ್ಲಿ ಹೈಸ್ಕೂಲ್ ಟೀಚರ್ ಆಗಿರುವ ನನ್ನ ಅಕ್ಕನ ಮಾತು ನನಗೆ ತುಂಬಾ ಹಿಡಿಸಿತು. ಅವರ ಶಾಲಾ ಸಂಸತ್ತಿನ ಚುನಾವಣೆಯಲ್ಲಿ ಒಬ್ಬ ಹುಡುಗ ನಿಜವಾದ ಪಕ್ಷದ ಚಿಹ್ನೆಯನ್ನೇ ಬರೆದುಕೊಂಡು ಬಂದನಂತೆ. ಅಕ್ಕ ಗದರಿಸಲಿಲ್ಲ. 'ಚಿಹ್ನೆ ಆಮೇಲೆ, ಮೊದಲು ಶಾಲೆಗೆ ಏನು ಮಾಡ್ತೀಯ ಹೇಳು' ಅಂದರು. ಹುಡುಗ ಅರ್ಧ ಗಂಟೆ ಯೋಚನೆ ಮಾಡಿ, ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು ಬರಲ್ಲ, ಅದನ್ನು ಕೇಳ್ತೀನಿ ಅಂದ. ಗೆದ್ದ. ಪೈಪ್ ಬರಲು ನಾಲ್ಕು ತಿಂಗಳು ಹಿಡಿಯಿತು, ಆದರೆ ಅಷ್ಟೂ ದಿನ ಅವನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರ ಬೆನ್ನು ಬಿಡಲಿಲ್ಲವಂತೆ.

ನಾವೂ ಆ ದಾರಿ ಹಿಡಿದೆವು. ವರ್ಷಕ್ಕೊಮ್ಮೆ ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮ ಸಭೆ ನಡೆಯುತ್ತದಲ್ಲ, ಅಲ್ಲಿಗೆ ನಮ್ಮ ಹುಡುಗರು ತಯಾರಾಗಿ ಹೋಗುತ್ತಾರೆ. ಒಂದು ವರ್ಷ ಹಳ್ಳಕ್ಕೆ ಕಾಲುಸಂಕ ಕೇಳಿದರು, ಮಳೆಗಾಲದಲ್ಲಿ ಎಷ್ಟು ದಿನ ಶಾಲೆಗೆ ಹೋಗಲು ಆಗಲಿಲ್ಲ ಅಂತ ದಿನ ಎಣಿಸಿ ನೋಟ್‌ಬುಕ್‌ನಲ್ಲಿ ಬರೆದು ತಂದಿದ್ದರು. ಆ ಪುಟ ಓದಿದ ಎರಡು ಹುಡುಗರ ಮನೆ ಬೇರೆ ಬೇರೆ ಪಕ್ಷ. ಒಬ್ಬ ತಾರೀಖು ಓದುತ್ತಿದ್ದ, ಇನ್ನೊಬ್ಬ ಬೆರಳಿಟ್ಟು ಸಾಲು ತೋರಿಸುತ್ತಿದ್ದ. 17 ತುಂಬಿದವರಿಗೆ ಮತದಾರರ ಪಟ್ಟಿಗೆ ಮುಂಗಡವಾಗಿ ಅರ್ಜಿ ಹಾಕಲು ಅವಕಾಶ ಇದೆ, ಜನವರಿ 25ರ ಮತದಾರರ ದಿನ ಸಂಘದಲ್ಲೇ ಕೂತು ನಮೂನೆ 6 ತುಂಬಿಸುತ್ತೇವೆ. ಯಾರಿಗೆ ಹಾಕಬೇಕು ಅನ್ನುವುದನ್ನು ಯಾರೂ ಹೇಳುವುದಿಲ್ಲ.

ಮನೆಯಲ್ಲಿ ಮಾತು ನಿಲ್ಲಿಸಬೇಡಿ ಅಕ್ಕ. 1978ರ ಉಪಚುನಾವಣೆಗೆ ಇಂದಿರಾ ಗಾಂಧಿ ನಮ್ಮ ಚಿಕ್ಕಮಗಳೂರಿಗೆ ಬಂದಾಗ ನಮ್ಮಪ್ಪನಿಗೆ ಹತ್ತು ವರ್ಷ. ಯಾರೋ ಕೊಟ್ಟ ಬ್ಯಾಡ್ಜ್ ಚುಚ್ಚಿಕೊಂಡು ಜೀಪಿನ ಹಿಂದೆ ಓಡಿದ್ದರಂತೆ. ಅಜ್ಜ ಹೊಡೆಯಲಿಲ್ಲ, ರಾತ್ರಿ ಕೂರಿಸಿಕೊಂಡು 'ಅವರು ಯಾಕೆ ಇಷ್ಟು ದೂರದಿಂದ ಇಲ್ಲಿಗೆ ಬಂದು ನಿಂತಿದ್ದಾರೆ ಗೊತ್ತಾ' ಅಂತ ತುರ್ತು ಪರಿಸ್ಥಿತಿ, ಹಿಂದಿನ ವರ್ಷ ಅವರು ಸೋತಿದ್ದು ಎಲ್ಲ ಹೇಳಿದರಂತೆ. ಬ್ಯಾಡ್ಜ್ ಎಲ್ಲಿ ಹೋಯಿತೋ, ಆ ರಾತ್ರಿಯ ಮಾತನ್ನು ಅಪ್ಪ ಇನ್ನೂ ಹೇಳುತ್ತಾರೆ. ನಿಮ್ಮ ಮಗನನ್ನೂ ಹಾಗೇ ಕೇಳಿ. ಸಮಾವೇಶದಲ್ಲಿ ಏನು ಹೇಳಿದರು, ಅದರಲ್ಲಿ ನಿನಗೆ ಯಾವುದು ಸರಿ ಅನ್ನಿಸಿತು, ಯಾವುದು ಅರ್ಥ ಆಗಲಿಲ್ಲ. ಅವನ ಉತ್ತರ ನಿಮಗೆ ಇಷ್ಟ ಆಗದಿದ್ದರೂ ಪೂರ್ತಿ ಕೇಳಿಸಿಕೊಳ್ಳಿ.

ಗೆಳೆಯನ ವಿಷಯಕ್ಕೆ ಬುದ್ಧಿ ಹೇಳುವುದಕ್ಕಿಂತ ಇಬ್ಬರನ್ನೂ ಒಂದೇ ಟೀಮ್‌ಗೆ ಹಾಕಿಸಿ. ನಮ್ಮ ಜೆರ್ಸಿ ತಿರುಗಿಸಿ ಹಾಕಿದ್ದ ಹುಡುಗ ಈಗ ಸಂಘದ ಖಜಾಂಚಿ. ಬೈಲಾ ಪ್ರತಿ ಅವನ ಹತ್ತಿರ ಇದೆ, ಎರಡೇ ಪುಟ. ಬೇಕಿದ್ದರೆ ಹೇಳಿ, ಫೋಟೊ ತೆಗೆದು ಕಳಿಸಲು ಹೇಳುತ್ತೇನೆ.